ಉಪ್ಪು ತಿಂದ ಕಾರಿಗೆ ಹೊಣೆ ಯಾರು?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಊರಿಗೆ ಬಂದಿದ್ದಾಗ, ಭಾವನವರಿಗೆ ಕಾರು ನೋಡಲೆಂದು ಮಂಗಳೂರಿನ ಒಂದು ಹಳೆ ಕಾರುಗಳ ಮಳಿಗೆಗೆ ಹೋಗಿದ್ದೆವು. ಒಂಬತ್ತು ವರ್ಷದ ಕಾರು, ಕೆಎ-19 ನೋಂದಣಿ, ಮೈಮೇಲೆ ಫಳಫಳ ಬಣ್ಣ. "ಆರು ತಿಂಗಳ ವಾರಂಟಿ ಇದೆ ಸರ್, ಹೆದರಬೇಡಿ" ಎಂದರು ಮಾರುವವರು.

ಕಟಪಾಡಿಯಿಂದ ನಮ್ಮ ಜೊತೆ ಬಂದಿದ್ದ ಗ್ಯಾರೇಜಿನವರು ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಚಾಲಕನ ಸೀಟ್ ಬೆಲ್ಟನ್ನು ಹಿಡಿದು ಕೊನೆಯವರೆಗೂ ಎಳೆದರು. ಹೊರಗೆ ಕಾಣುವಷ್ಟು ಭಾಗ ಶುಭ್ರವಾಗಿತ್ತು. ಒಳಗೆ ಸುತ್ತಿಕೊಂಡಿದ್ದ ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿನ ಗೆರೆ. ಮ್ಯಾಟ್ ಎತ್ತಿದರೆ ಸೀಟಿನ ಬೋಲ್ಟುಗಳು ತುಕ್ಕು ಹಿಡಿದು ಉಬ್ಬಿದ್ದವು. "ನೀರು ಕುಡಿದ ಗಾಡಿ ಮಾರಾಯರೇ, ಬೇಡ" ಎಂದು ಕೈ ಒರೆಸಿಕೊಂಡರು.

ಆ ವಾರಂಟಿ ಕಾಗದವನ್ನು ನಾನು ನಿಂತಲ್ಲೇ ಓದಿದೆ. ಎಂಜಿನ್ ಮತ್ತು ಗೇರ್‌ಬಾಕ್ಸಿನ ಒಳಭಾಗಗಳಿಗೆ ಮಾತ್ರ. ಕ್ಲಚ್, ಎಸಿ, ವಯರಿಂಗ್ ಸೇರುವುದಿಲ್ಲ. ತುಕ್ಕು ಮತ್ತು ನೀರಿನಿಂದಾದ ಹಾನಿ ಸೇರುವುದೇ ಇಲ್ಲ. ನಮ್ಮ ಕರಾವಳಿಯಲ್ಲಿ ಹಳೆಯ ಕಾರನ್ನು ತಿನ್ನುವುದೇ ತುಕ್ಕು! ಕಡಲ ಗಾಳಿ, ನಾಲ್ಕು ತಿಂಗಳ ಮಳೆ, ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ಉಪ್ಪುನೀರು. 2018ರ ಮೇ 29ರಂದು ಮಂಗಳೂರಿನ ರಸ್ತೆಗಳು ಹೊಳೆಯಾದದ್ದನ್ನು ಕಂಡವರು ಯಾರೂ ಮರೆತಿಲ್ಲ. ಇಂಥ ಊರಿನಲ್ಲಿ ತುಕ್ಕನ್ನೂ ನೀರನ್ನೂ ಹೊರಗಿಟ್ಟ ವಾರಂಟಿಯನ್ನು ನಾನು ರಕ್ಷಣೆ ಎಂದು ಕರೆಯಲಾರೆ.

ನಾನಿರುವ ಇಂಗ್ಲೆಂಡಿನ ಲೆಸ್ಟರಿನಲ್ಲೂ ಕಾರುಗಳು ಉಪ್ಪು ತಿನ್ನುತ್ತವೆ. ಚಳಿಗಾಲದಲ್ಲಿ ಹಿಮ ಕಟ್ಟದಿರಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಆದರೆ ಅಲ್ಲಿ ಕಾರಿಗೆ ಮೂರು ವರ್ಷ ತುಂಬಿದರೆ ಆಮೇಲೆ ವರ್ಷಕ್ಕೊಮ್ಮೆ ಎಂಒಟಿ ಎಂಬ, ಕಾರು ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ತಪಾಸಣೆ ಕಡ್ಡಾಯ. ಕಾರಿನ ಅಡಿಭಾಗ ನೋಡಿ ಎಲ್ಲಿ ತುಕ್ಕು ಹಿಡಿದಿದೆ, ಎಷ್ಟು ಮೈಲಿ ಓಡಿದೆ ಎಂದು ಬರೆದಿಡುತ್ತಾರೆ. ನೋಂದಣಿ ಸಂಖ್ಯೆ ಗೊತ್ತಿದ್ದರೆ ಸಾಕು, ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಖಾಸಗಿ ಕಾರು ಮತ್ತೆ ತಪಾಸಣೆಗೆ ನಿಲ್ಲುವುದು 15 ವರ್ಷ ತುಂಬಿ ನೋಂದಣಿ ನವೀಕರಿಸುವಾಗ. ಅಲ್ಲಿಯವರೆಗೆ ಅದರ ಹೊಟ್ಟೆಯೊಳಗೆ ಏನಿದೆಯೆಂದು ಸರ್ಕಾರದ ಯಾವ ದಾಖಲೆಯೂ ಹೇಳುವುದಿಲ್ಲ.

ಅಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಿಂದ ನನಗೇ ಉಪಕಾರವಾಗಿದೆ. ಎಂಟು ವರ್ಷ ಹಳೆಯ ಕಾರೊಂದನ್ನು ವ್ಯಾಪಾರಿಯಿಂದ ಕೊಂಡಿದ್ದೆ. ಇಪ್ಪತ್ತನೆಯ ದಿನಕ್ಕೆ ಗೇರ್‌ಬಾಕ್ಸ್ ಕೈಕೊಟ್ಟಿತು. ಮಾರುವಾಗಲೇ ಇದ್ದ ದೋಷ ಎಂದು ತೋರಿಸಿದರೆ 30 ದಿನಗಳೊಳಗೆ ಕಾರು ಮರಳಿಸಿ ಪೂರ್ತಿ ಹಣ ಪಡೆಯಬಹುದು. ಬೇರೊಂದು ಗ್ಯಾರೇಜಿನಿಂದ ಬರೆಸಿಕೊಂಡು ಹೋದೆ, ಹಣ ಬಂತು. ಆ ಅವಧಿ ದಾಟಿದ ಮೇಲೂ ಆರು ತಿಂಗಳವರೆಗೆ, ರಿಪೇರಿ ಕೇಳಿದಾಗ, ದೋಷ ಮೊದಲು ಇರಲಿಲ್ಲ ಎಂದು ತೋರಿಸಬೇಕಾದವನು ವ್ಯಾಪಾರಿಯೇ. ಇದು ದುಡ್ಡು ಕೊಟ್ಟು ಕೊಳ್ಳುವ ವಾರಂಟಿಯಲ್ಲ, ಸಹಿ ಹಾಕಿಸಿಕೊಂಡು ಕಿತ್ತುಕೊಳ್ಳಲೂ ಬರುವುದಿಲ್ಲ. ಹಳೆಯ ಕಾರೆಂದರೆ ಅದರ ವಯಸ್ಸು, ಬೆಲೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಅದು ನ್ಯಾಯವೇ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಮಾತ್ರ ಈ ಹಕ್ಕುಗಳಲ್ಲಿ ಹೆಚ್ಚಿನವು ಅಲ್ಲೂ ಇಲ್ಲ.

ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ದಾರಿ ಇದೆ. ಆದರೆ ದೋಷವನ್ನು ಸಾಬೀತು ಮಾಡುವ ಭಾರ ಕೊಂಡವನ ತಲೆಯ ಮೇಲೆ. ಆ ಭಾರ, ಕನಿಷ್ಠ ಮೊದಲ ಆರು ತಿಂಗಳು, ವ್ಯಾಪಾರಿಯ ಹೆಗಲಿಗೆ ಬರಬೇಕು. ಹಾಗಾದರೆ ಕಾರಿನ ಬೆಲೆ ಏರುತ್ತದೆ ಎನ್ನುತ್ತಾರೆ ಭಾವ. ಏರಲಿ. ಕೆಸರು ಮೆತ್ತಿದ ಬೆಲ್ಟ್ ಕಟ್ಟಿಕೊಂಡು ಅಕ್ಕನ ಮಕ್ಕಳು ಶಾಲೆಗೆ ಹೋಗುವುದು ನನಗೆ ಬೇಡ.

ಕೊನೆಗೆ ಭಾವ ಕೊಂಡದ್ದು ಮೂಲ್ಕಿಯ ನಿವೃತ್ತ ಮೇಷ್ಟರೊಬ್ಬರ ಕಾರನ್ನು. ವಾರಂಟಿ ಏನೂ ಇಲ್ಲ. ಬೀಗದ ಕೈ ಕೊಡುವ ಮೊದಲು ಮೇಷ್ಟರು ಪ್ಲಾಸ್ಟಿಕ್ ಕಡತವೊಂದನ್ನು ಮೇಜಿನ ಮೇಲಿಟ್ಟರು: ಹನ್ನೊಂದು ವರ್ಷಗಳ ಸರ್ವಿಸ್ ಬಿಲ್ಲುಗಳು, ಪ್ರತಿಯೊಂದರಲ್ಲೂ ಅಂದಿನ ಕಿಲೋಮೀಟರ್, ಅಡಿಭಾಗಕ್ಕೆ ತುಕ್ಕು ಹಿಡಿಯದಂತೆ ಲೇಪ ಹಾಕಿಸಿದ ರಸೀದಿಗಳು. ಗ್ಯಾರೇಜಿನವರು ಒಂದೊಂದನ್ನೇ ತಿರುವಿ ನೋಡಿದರು. ಆಮೇಲೂ ಸೀಟ್ ಬೆಲ್ಟ್ ಎಳೆದೇ ನೋಡಿದರು.