ಹೊಳೆ ದಾಟದಿರುವುದಕ್ಕೊಂದು ಟಿಕೆಟ್ಟು

‘ಅವಿನ್ಯೋನನ್ನು ಒಂದೇ ದಿನದಲ್ಲಿ ಮುಗಿಸಬಹುದು, ಅದೂ ಕಾಲ್ನಡಿಗೆಯಲ್ಲಿ’ ಎಂದು ಪ್ಯಾರಿಸಿನಲ್ಲಿ ನೆಲೆಸಿರುವ ನನ್ನ ಷಡ್ಡಕ ದಕ್ಷಿಣ ಫ್ರಾನ್ಸಿನ ಆ ಹಳೆಯ ಊರಿನ ಬಗ್ಗೆ ಹೇಳಿದಾಗ ನನಗೆ ಅನುಮಾನವೇನೂ ಬರಲಿಲ್ಲ. ಬೆಳಿಗ್ಗೆ ಬೇಲೂರು ಮುಗಿಸಿ, ಮಧ್ಯಾಹ್ನ ಹಳೇಬೀಡು ಮುಗಿಸಿ, ಕತ್ತಲಾಗುವುದರೊಳಗೆ ಶ್ರವಣಬೆಳಗೊಳದ ಮೆಟ್ಟಿಲುಗಳನ್ನೂ ಮುಗಿಸಿ ಬಂದ ಮನೆತನ ನಮ್ಮದು. ಊರನ್ನು ‘ಮುಗಿಸುವ’ ಈ ಕ್ರಿಯಾಪದವನ್ನು ಕನ್ನಡಕ್ಕೆ ಕೊಟ್ಟ ಮಹಾನುಭಾವ ಯಾವುದೋ ಟೂರಿಸ್ಟ್ ಬಸ್ಸಿನ ಡ್ರೈವರನೇ ಇರಬೇಕು. ಷಡ್ಡಕ ತನ್ನ ಫೋನಿನಲ್ಲಿ ವೇಳಾಪಟ್ಟಿಯನ್ನು ಸಿದ್ಧಪಡಿಸಿದ್ದ. ಅದರಲ್ಲಿ ಅರಮನೆಗೆ 90 ನಿಮಿಷ, ಸೇತುವೆಗೆ 30 ನಿಮಿಷ, ಊಟಕ್ಕೆ 20 ನಿಮಿಷ ಇದ್ದವು. ಏಳು ಪೋಪರು ವಾಸಿಸಿದ್ದ ಊರಿನಲ್ಲಿ ಅರಮನೆಗೆ 90 ನಿಮಿಷವೆಂದರೆ ತಲೆಗೆ 13 ನಿಮಿಷವೂ ಪೂರಾ ಸಿಗುವುದಿಲ್ಲ ಎಂದು ನಾನು ಲೆಕ್ಕ ಹಾಕಿ ತೋರಿಸಿದೆ. ‘ಎಲ್ಲ ಪೋಪರೂ ಅಷ್ಟು ಮುಖ್ಯ ಅಲ್ಲ’ ಎಂದು ಅವನು ಸಮಾಧಾನ ಹೇಳಿದ.

ಪ್ಯಾರಿಸಿನಿಂದ ಟಿಜಿವಿ ಎಂಬ ಅತಿವೇಗದ ರೈಲು 2 ಗಂಟೆ 40 ನಿಮಿಷದ ಆಸುಪಾಸಿನಲ್ಲಿ ಅಲ್ಲಿಗೆ ತಂದು ಇಳಿಸುತ್ತದೆ. ಇಳಿಯುವುದು ಊರಾಚೆ, ಅಲ್ಲಿಂದ ಇನ್ನೊಂದು ಪುಟ್ಟ ರೈಲು ಐದು ನಿಮಿಷದಲ್ಲಿ ಕೋಟೆಯ ಬಾಗಿಲಿಗೆ ಮುಟ್ಟಿಸುತ್ತದೆ. ಊರಿನ ಸುತ್ತ 4.3 ಕಿಲೋಮೀಟರ್ ಉದ್ದದ ಕೋಟೆಗೋಡೆ ಇಂದಿಗೂ ಅಖಂಡವಾಗಿ ನಿಂತಿದೆ. ಅಖಂಡ ಎಂಬ ಮಾತನ್ನು ಇಲ್ಲಿಯೇ ಬಳಸಿಬಿಟ್ಟಿದ್ದೇನೆ, ಏಕೆಂದರೆ ಈ ಊರಿನಲ್ಲಿ ಆ ಮಾತನ್ನು ಬಳಸುವ ಅವಕಾಶ ಮತ್ತೆ ಬರುವುದಿಲ್ಲ.

ಕಥೆ ಇಷ್ಟು. 1309ರಲ್ಲಿ 5ನೇ ಕ್ಲೆಮೆಂಟ್ ಎಂಬ ಪೋಪ್, ರೋಮಿನ ಕಿತ್ತಾಟದ ಸಹವಾಸವೇ ಬೇಡವೆಂದು, ರೋನ್ ನದಿಯ ದಡದ ಈ ಊರಿನಲ್ಲಿ ಬಿಡಾರ ಹೂಡಿದ. ನಾಲ್ಕು ದಿನಕ್ಕೆ ಬಂದ ನೆಂಟ ನಾಮಕರಣ, ಮುಂಜಿ, ಮದುವೆ ಎಲ್ಲವನ್ನೂ ಮುಗಿಸಿಕೊಂಡೇ ಹೋದಂತೆ, ಆ ಬಿಡಾರ ಏಳು ಪೋಪರ ಕಾಲದವರೆಗೆ ಮುಂದುವರಿಯಿತು. 12ನೇ ಬೆನೆಡಿಕ್ಟ್ 1335ರಲ್ಲಿ ಮಠದಂಥ ಗಂಭೀರವಾದ ಅರಮನೆಯನ್ನು ಕಟ್ಟಿಸಲು ತೊಡಗಿದ. ಅವನ ನಂತರ ಬಂದ 6ನೇ ಕ್ಲೆಮೆಂಟ್, ತನಗಿಂತ ಹಿಂದಿನವರಿಗೆ ಪೋಪ್ ಆಗಿರುವುದು ಹೇಗೆಂದೇ ಗೊತ್ತಿರಲಿಲ್ಲ ಎಂದು ಹೇಳಿದನೆಂಬ ಪ್ರತೀತಿಯಿದೆ. ಗೊತ್ತಿದ್ದ ಅವನು ಅದರ ಪಕ್ಕದಲ್ಲಿಯೇ ಇನ್ನೊಂದು ಅರಮನೆಯನ್ನು ಎಬ್ಬಿಸಿದ. 1348ರಲ್ಲಿ ನೇಪಲ್ಸಿನ ರಾಣಿ ಜೊವಾನ್ನಾಳಿಂದ ಇಡೀ ಊರನ್ನೇ 80,000 ಫ್ಲೋರಿನ್ ಕೊಟ್ಟು ಕ್ರಯಕ್ಕೆ ಪಡೆದವನೂ ಅವನೇ. ಬಾಡಿಗೆಗೆ ಬಂದವರು 39 ವರ್ಷದ ಮೇಲೆ ಮನೆಯನ್ನೇ ಕೊಂಡರು. ಕೊಂಡ ಮೇಲೆ ಮೂವತ್ತು ವರ್ಷ ತುಂಬುವ ಮೊದಲೇ, ಅಂದರೆ 1376ರಲ್ಲಿ, 11ನೇ ಗ್ರೆಗರಿ ಗಂಟುಮೂಟೆ ಕಟ್ಟಿಕೊಂಡು ರೋಮಿನ ದಾರಿ ಹಿಡಿದ. ಊರು ಮಾತ್ರ 1791ರವರೆಗೆ ಪೋಪರ ಆಸ್ತಿಯಾಗಿಯೇ ಉಳಿಯಿತು. ಪೋಪರು ಹೋಗಿ ಆರೂವರೆ ಶತಮಾನ ಕಳೆದರೂ ಈ ಊರಿನ ಪ್ರತಿಯೊಂದು ಫಲಕ, ಬೀದಿ ಮತ್ತು ಸೀಸೆ ‘ಪೋಪ್, ಪೋಪ್’ ಎಂದು ಜಪಿಸುವುದನ್ನು ನೋಡಿದರೆ, ತಾನು ಹೊರಟುಹೋದದ್ದು ಎಂಥ ಲಾಭದಾಯಕ ಉದ್ಯಮಕ್ಕೆ ಬಂಡವಾಳವಾಯಿತು ಎಂದು ಗ್ರೆಗರಿಯೇ ಬೆರಗಾಗುತ್ತಿದ್ದ.

ಅರಮನೆಯ ಒಳಗೆ ಹೋದೆವು. ಸುಮಾರು 15,000 ಚದರ ಮೀಟರ್ ವಿಸ್ತಾರದ ಕಲ್ಲಿನ ಕಟ್ಟಡದಲ್ಲಿ ಕುರ್ಚಿ, ಮಂಚ, ಪರದೆ ಯಾವುದೂ ಇಲ್ಲ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಲೂಟಿಯಾಯಿತು. ಆಮೇಲೆ ಇದೇ ಅರಮನೆ ಸೈನಿಕರ ವಸತಿಯಾಗಿ 1906ರವರೆಗೆ ಅವರ ವಶದಲ್ಲಿತ್ತು, ಆ ಅವಧಿಯಲ್ಲಿ ಸೈನಿಕರು ಗೋಡೆಯ ಭಿತ್ತಿಚಿತ್ರಗಳನ್ನು ಕೆತ್ತಿ ತೆಗೆದು ಮಾರಿಕೊಂಡರು. ಹೀಗೆ ಉಳಿದಿರುವುದು ಬಹುಮಟ್ಟಿಗೆ ಬರಿಗೋಡೆ. ಟಿಕೆಟ್ ಕೊಳ್ಳುವಾಗ ಪ್ರತಿಯೊಬ್ಬರ ಕೈಗೂ ಒಂದು ಟ್ಯಾಬ್ಲೆಟ್ ಕೊಡುತ್ತಾರೆ. ಬರಿಗೋಡೆಯ ಮುಂದೆ ಅದನ್ನು ಎತ್ತಿ ಹಿಡಿದರೆ, ತೆರೆಯ ಮೇಲೆ ಜಮಖಾನ, ಜರತಾರಿ, ಬೆಳ್ಳಿಯ ಪಾತ್ರೆಗಳು ಪ್ರತ್ಯಕ್ಷವಾಗುತ್ತವೆ. ಇಳಿಸಿದರೆ ಮತ್ತೆ ಗೋಡೆ. ಭೋಜನಶಾಲೆಯೊಳಗೆ ನಾವು ಕಾಲಿಟ್ಟಾಗ ಸುಮಾರು ಮೂವತ್ತು ಜನ ಎರಡೂ ಕೈಯಲ್ಲಿ ಟ್ಯಾಬ್ಲೆಟ್ಟನ್ನು ಎತ್ತಿ ಹಿಡಿದು, ಬರಿಗೋಡೆಗೆ ಮಂಗಳಾರತಿ ಬೆಳಗುವವರಂತೆ ನಿಧಾನವಾಗಿ ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದರು. ಘಂಟೆಯೊಂದು ಕಡಿಮೆಯಿತ್ತು. ಸುಮಾರು ಐದು ಸಾವಿರ ಮೈಲಿ ದೂರದ ಜಯನಗರದ ಸೋಫಾದಲ್ಲಿ ಕುಳಿತು ನೋಡಬಹುದಾಗಿದ್ದ ತೆರೆಯನ್ನು ಅದೇ ಜಾಗಕ್ಕೆ ಬಂದು ನಿಂತು ನೋಡಿದ ಪುಣ್ಯ ನಮ್ಮದಾಯಿತು.

ಖಜಾನೆಯ ಕೋಣೆಯೂ ಇದೆ. ಅಲ್ಲಿ ನೆಲದ ಚಪ್ಪಡಿಗಳ ಕೆಳಗೆ ಹಣವನ್ನು ಅಡಗಿಸಿಡಲು ಗುಪ್ತವಾದ ಗುಂಡಿಗಳಿವೆ. ಅವು ಖಾಲಿಯಾಗಿವೆ ಎಂದು ಬೇರೆಯಾಗಿ ಹೇಳಬೇಕಾಗಿಲ್ಲ. ಪೋಪರ ಮಲಗುವ ಕೋಣೆಯೊಂದರಲ್ಲಿ ಮಾತ್ರ ನಾನು ನನ್ನ ಟ್ಯಾಬ್ಲೆಟ್ಟನ್ನು ಕಂಕುಳಲ್ಲಿ ಇರಿಸಿಕೊಂಡೆ. ಅಲ್ಲಿ ಗೋಡೆಯ ತುಂಬ ಗಾಢವಾದ ನೀಲಿ, ಅದರ ಮೇಲೆ ಸುರುಳಿಸುರುಳಿಯಾಗಿ ಹಬ್ಬಿದ ದ್ರಾಕ್ಷಿಯ ಬಳ್ಳಿ, ಬಳ್ಳಿಯ ನಡುವೆ ಹಕ್ಕಿಗಳು, ಅಳಿಲುಗಳು. ಕಿಟಕಿಯ ಪಕ್ಕದ ಗೋಡೆಯ ದಪ್ಪದಲ್ಲಿ ಹಕ್ಕಿಯ ಪಂಜರಗಳನ್ನು ಬರೆದಿದ್ದಾರೆ. ಹತ್ತಿರ ಹೋಗಿ ನೋಡಿದರೆ ಆ ಪಂಜರಗಳಲ್ಲಿಯೂ ಹಕ್ಕಿಯಿಲ್ಲ. ಈ ಊರಿನ ಭವಿಷ್ಯವನ್ನು 14ನೇ ಶತಮಾನದಲ್ಲಿಯೇ ಬಲ್ಲ ಚಿತ್ರಕಾರನೊಬ್ಬ ಅಲ್ಲಿದ್ದನೆಂದು ನನಗೆ ಅನ್ನಿಸಿತು. ಅಷ್ಟರಲ್ಲಿ ಷಡ್ಡಕ, ಟ್ಯಾಬ್ಲೆಟ್ಟಿನಲ್ಲಿ ಮಕ್ಕಳಿಗೆಂದು ಇಟ್ಟಿರುವ ನಿಧಿ ಹುಡುಕುವ ಆಟದಲ್ಲಿ ಇನ್ನೊಂದು ನಾಣ್ಯ ಸಿಕ್ಕಿತೆಂದು ಪಕ್ಕದ ಕೋಣೆಯಿಂದ ಕೂಗಿದ.

1342ರಲ್ಲಿ 6ನೇ ಕ್ಲೆಮೆಂಟನ ಪಟ್ಟಾಭಿಷೇಕದ ಊಟಕ್ಕೆ 1,023 ಕುರಿಗಳೂ 50,000 ಕಡುಬಿನಂಥ ಸಿಹಿಗಳೂ ಖರ್ಚಾದವೆಂದು ಅಂದಿನ ಲೆಕ್ಕದ ಪಟ್ಟಿ ಹೇಳುತ್ತದೆ. ನಾವು ಹೊರಗೆ ಬಂದು ಕಲ್ಲಿನ ಮೆಟ್ಟಿಲಿನ ಮೇಲೆ ಕುಳಿತು ತಲಾ ಅರ್ಧ ಸ್ಯಾಂಡ್‌ವಿಚ್ ತಿಂದೆವು. ಪಕ್ಕದ ಕೆಥೆಡ್ರಲ್ಲಿನ ಗೋಪುರದ ಮೇಲಿನ ಚಿನ್ನದ ಲೇಪದ ಮೇರಿ ಮಾತೆಗೆ ಕೆಳಗಿನಿಂದಲೇ ಕೈಮುಗಿದು, ಹಿಂದಿನ ಬಂಡೆಯ ಮೇಲಿನ ತೋಟವನ್ನು ಏದುಸಿರಿನಲ್ಲಿ ಹತ್ತಿಳಿದೆವು. ಮೇಲೆ ಮಿಸ್ಟ್ರಾಲ್ ಎಂಬ ಗಾಳಿ ಟೋಪಿಯನ್ನು ಕಿತ್ತುಕೊಂಡು ಹೋಗುವಂತೆ ಬೀಸುತ್ತಿತ್ತು. ಗಾಳಿಯಿಲ್ಲದಿದ್ದರೆ ವಿಷ, ಗಾಳಿಯಿದ್ದರೆ ಕಿರಿಕಿರಿ ಎಂದು ಈ ಊರಿನ ಬಗ್ಗೆ ಲ್ಯಾಟಿನಿನಲ್ಲಿ ಒಂದು ಹಳೆಯ ಗಾದೆಯೇ ಇದೆ.

ಇನ್ನು ಸೇತುವೆ. ದಂತಕಥೆಯ ಪ್ರಕಾರ 1177ರಲ್ಲಿ ಬೆನೆಜೆ ಎಂಬ ಕುರಿಗಾಹಿ ಹುಡುಗನಿಗೆ ಇಲ್ಲೊಂದು ಸೇತುವೆ ಕಟ್ಟು ಎಂಬ ದೈವವಾಣಿ ಕೇಳಿಸಿತು, ಊರಿನವರು ನಕ್ಕರು, ಅವನು ಯಾರೂ ಅಲುಗಿಸಲಾರದ ಬಂಡೆಯೊಂದನ್ನು ಒಬ್ಬನೇ ಹೊತ್ತು ತಂದು ನದಿಯ ದಡಕ್ಕೆ ಹಾಕಿದ. 1185ರ ಹೊತ್ತಿಗೆ ಸೇತುವೆ ಎದ್ದಿತು, ಹುಡುಗ ಸಂತನಾದ. ಮುಂದೆ ಯುದ್ಧದಲ್ಲಿ ಮುರಿದದ್ದನ್ನು ಮತ್ತೆ ಕಟ್ಟಿದರು. ಪೂರ್ತಿಯಾಗಿದ್ದಾಗ ಅದು 22 ಕಮಾನುಗಳ, ಸುಮಾರು 900 ಮೀಟರ್ ಉದ್ದದ ಸೇತುವೆಯಾಗಿತ್ತು. ಪ್ರತಿ ದೊಡ್ಡ ಪ್ರವಾಹವೂ ಒಂದೊಂದು ಕಮಾನನ್ನು ನುಂಗುತ್ತ ಬಂದಿತು. 17ನೇ ಶತಮಾನದಲ್ಲಿ ಜನರು ಕೈಚೆಲ್ಲಿದರು. ಇಂದು ಉಳಿದಿರುವುದು 4 ಕಮಾನು.

ರಿಪೇರಿ ಏಕೆ ಮಾಡಲಿಲ್ಲ ಎಂಬ ಪ್ರಶ್ನೆಗೆ ಸಿಗುವ ಉತ್ತರವನ್ನು ಕೇಳಿ ನನಗೆ ತವರಿನ ನೆನಪಾಗಿ ಕಣ್ಣು ತುಂಬಿ ಬಂದಿತು. ಈಚೆ ದಡದ ಊರು ಪೋಪರದು, ಆಚೆ ದಡ ಫ್ರಾನ್ಸಿನ ದೊರೆಯದು, ನಡುವಿನ ನದಿಯೂ ತನ್ನದೇ ಎಂಬುದು ದೊರೆಯ ವಾದ. ಸುಂಕದ ಮಾತು ಬಂದಾಗ ಇಬ್ಬರಿಗೂ ಬೇಕಾಗಿದ್ದ ಸೇತುವೆ, ದುರಸ್ತಿಯ ಮಾತು ಬಂದಾಗ ಇಬ್ಬರಿಗೂ ಬೇಡವಾಗುತ್ತಿತ್ತು. ‘ಈ ಗುಂಡಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಅಮರವಾಣಿಯನ್ನು ಕೇಳುತ್ತಲೇ ಬೆಳೆದ ಬೆಂಗಳೂರಿಗನಿಗೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗಿಲ್ಲ. ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ. ವರ್ಷಗಟ್ಟಲೆ ಅರ್ಧಕ್ಕೆ ನಿಂತ ನಮ್ಮ ಮೇಲ್ಸೇತುವೆಗಳ ಬುಡದಲ್ಲಿ ಒಂದು ಟಿಕೆಟ್ ಕೌಂಟರ್ ಇಡುವ ಬುದ್ಧಿ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ, ಅವಿನ್ಯೋನಿನವರಿಗೆ ಹೊಳೆಯಿತು. ಯುನೆಸ್ಕೊ 1995ರಲ್ಲಿ ಅರಮನೆಯ ಜೊತೆಗೆ ಈ ಸೇತುವೆಯನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿ ಅದು ಪೂರ್ತಿ ಸೇತುವೆ.

ಟಿಕೆಟ್ ತೋರಿಸಿ, ಆಡಿಯೊ ಗೈಡನ್ನು ಕಿವಿಗೆ ಸಿಕ್ಕಿಸಿಕೊಂಡು, ಮೊದಲನೆಯ ಕಮಾನನ್ನು ದಾಟಿ, ನಡುವಿನ ಸಂತ ನಿಕೊಲಾಸನ ಪುಟ್ಟ ಗುಡಿಯನ್ನು ದಾಟಿ, ನಾಲ್ಕನೆಯ ಕಮಾನಿನ ತುದಿಗೆ ಬಂದರೆ ಅಲ್ಲೊಂದು ಕಬ್ಬಿಣದ ಕಟಾಂಜನ ಅಡ್ಡ ನಿಂತಿದೆ. ಅದರಾಚೆಗೆ ಗಾಳಿ, ಕೆಳಗೆ ಕಂದುಹಸಿರು ನೀರು. ನಾನು ಅಲ್ಲಿ ಹತ್ತು ನಿಮಿಷ ನಿಂತು ಬಂದವರನ್ನು ಗಮನಿಸಿದೆ. ಪ್ರತಿಯೊಬ್ಬರೂ ದಾಪುಗಾಲು ಹಾಕಿಕೊಂಡು ಬರುತ್ತಾರೆ, ಎರಡೂ ಕೈಯನ್ನು ಕಂಬಿಯ ಮೇಲೆ ಊರುತ್ತಾರೆ, ಉಳಿದ 18 ಕಮಾನುಗಳು ನಿಜವಾಗಿಯೂ ಇಲ್ಲವೇ ಎಂದು ಬಗ್ಗಿ ಖಾತ್ರಿ ಮಾಡಿಕೊಳ್ಳುತ್ತಾರೆ, ಆಮೇಲೆ ನದಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಂಡು ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ವಯಸ್ಸಾದ ದಂಪತಿಯೊಬ್ಬರು ಕೈ ಕೈ ಹಿಡಿದು ಎರಡು ಸುತ್ತು ಕುಣಿದರು, ಏಕೆಂದರೆ ಈ ಸೇತುವೆಯ ಮೇಲೆ ಎಲ್ಲರೂ ಕುಣಿಯುತ್ತಾರೆಂದು ಫ್ರಾನ್ಸಿನ ಮಕ್ಕಳೆಲ್ಲರೂ ಕಲಿಯುವ ಹಾಡು ಹೇಳುತ್ತದೆ. ಸುಮಾರು ನಾಲ್ಕು ಮೀಟರ್ ಅಗಲದ ಈ ಸೇತುವೆಯ ಮೇಲೆ ಕುಣಿದವರು ಯಾರೂ ಇರಲಿಕ್ಕಿಲ್ಲ, ಕುಣಿತವೆಲ್ಲ ಕೆಳಗೆ, ನದಿಯ ನಡುವಿನ ದ್ವೀಪದ ಮೇಲಿನ ಕಮಾನುಗಳ ನೆರಳಿನಲ್ಲಿ ನಡೆಯುತ್ತಿತ್ತು ಎಂದು ಬಲ್ಲವರು ಹೇಳುತ್ತಾರೆ. ಅಂದರೆ ಇಲ್ಲದ ಸೇತುವೆಯ ಮೇಲೆ ನಡೆಯದ ಕುಣಿತವನ್ನು ನಾವು ದುಡ್ಡು ಕೊಟ್ಟು ನೆನೆದೆವು. ಆಚೆ ದಡದ ವಿಲ್‌ನವ್ ಊರಿನಲ್ಲಿ, ಸೇತುವೆಯ ಇನ್ನೊಂದು ತುದಿಯನ್ನು ಕಾಯಲೆಂದು ಫ್ರಾನ್ಸಿನ ದೊರೆ ಕಟ್ಟಿಸಿದ ಗೋಪುರ ಇನ್ನೂ ನಿಂತು, ಬಾರದ ಸೇತುವೆಯ ದಾರಿ ನೋಡುತ್ತಿದೆ. ಅದಕ್ಕೂ ಪ್ರವೇಶ ಶುಲ್ಕವುಂಟು.

ಸೇತುವೆಯಿಂದ ಇಳಿದು ನದಿಯ ದಂಡೆಗೆ ಬಂದಾಗ ಒಂದು ಪುಟ್ಟ ದೋಣಿ ಕಾಣಿಸಿತು. ಅದು ದಡದಿಂದ ಬಾರ್ತೆಲಾಸ್ ದ್ವೀಪಕ್ಕೆ ಜನರನ್ನು ದಾಟಿಸುತ್ತದೆ. ಹಾಸಲು ಎಷ್ಟೆಂದು ವಿಚಾರಿಸಿದರೆ ಉಚಿತ ಎಂಬ ಉತ್ತರ ಬಂದಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಎಂಥ ಜಾಣರಾಗಿದ್ದರೂ, ದಾಟಿಸುವವನಿಗೆ ಬಿಡಿಗಾಸೂ ಇಲ್ಲದೆ, ದಾಟಿಸದ ಸೇತುವೆಗೆ ಸರದಿ ಸಾಲಿನಲ್ಲಿ ನಿಂತು ಯೂರೊ ತೆರುವ ಊರೊಂದು ಇರಬಹುದೆಂದು ಊಹಿಸಿರಲಾರರು. ‘ದೋಣಿ ನಮ್ಮ ಪಟ್ಟಿಯಲ್ಲಿಲ್ಲ’ ಎಂದ ಷಡ್ಡಕ.

ಪಟ್ಟಿಯಲ್ಲಿದ್ದದ್ದು ಬಣ್ಣಗಾರರ ಬೀದಿ. ಸೋರ್ಗ್ ನದಿಯ ಕಾಲುವೆಯೊಂದು ಕಲ್ಲುಹಾಸಿನ ಬೀದಿಯ ಪಕ್ಕದಲ್ಲಿ ಹರಿಯುತ್ತದೆ. ಹಿಂದೆ ಇಲ್ಲಿ 23 ನೀರ್ಚಕ್ರಗಳು ತಿರುಗುತ್ತಿದ್ದವು, ಈಗ ಉಳಿದಿರುವುದು, ನೀವು ಊಹಿಸಿದಂತೆಯೇ, 4. ಭಾರತದ ಕೋರಮಂಡಲ ಕರಾವಳಿಯಿಂದ ಹೋದ ಅಚ್ಚಿನ ಹತ್ತಿ ಬಟ್ಟೆಗೆ ಫ್ರಾನ್ಸಿನ ಹೆಂಗಸರು ಮರುಳಾದಾಗ, ಅಲ್ಲಿನ ರೇಷ್ಮೆ ಮತ್ತು ಉಣ್ಣೆಯ ನೇಕಾರರ ಗೋಳಾಟಕ್ಕೆ ಓಗೊಟ್ಟ ಸರ್ಕಾರ 1686ರಲ್ಲಿ ಅದನ್ನು ನಿಷೇಧಿಸಿತು. ಪೋಪರ ಊರಾದ ಅವಿನ್ಯೋನಿಗೆ ಆ ಕಾನೂನು ತಾಗುತ್ತಿರಲಿಲ್ಲವಾದ್ದರಿಂದ ಇಲ್ಲಿ ಅಚ್ಚಿನ ಕೆಲಸ ಭರಾಟೆಯಿಂದ ನಡೆಯಿತು. 1734ರಲ್ಲಿ ಪೋಪರು ಮತ್ತು ಫ್ರಾನ್ಸಿನ ನಡುವೆ ಒಪ್ಪಂದವಾಗಿ ಅದೂ ನಿಂತಿತು. ಆ ಬಟ್ಟೆಯ ಹೆಸರೇ ‘ಆಂದಿಯೆನ್’, ಅಂದರೆ ಭಾರತದ್ದು. ಇಂದು ಅದೇ ನಮೂನೆಯ ಮೇಜುಹಾಸುಗಳು ಪ್ರೋವಾನ್ಸ್ ಸೀಮೆಯ ಅಪ್ಪಟ ಪರಂಪರೆಯಾಗಿ ಅಂಗಡಿ ಅಂಗಡಿಗಳಲ್ಲಿ ತೂಗುತ್ತವೆ. ನನ್ನ ಹೆಂಡತಿ ಅಂಥದೊಂದನ್ನು ಬೆಲೆ ಕೊಟ್ಟು ಕೊಂಡು, ಹೊರಗೆ ಬಂದು ಬೆಳಕಿನಲ್ಲಿ ಬಿಡಿಸಿ, ಅಂಚಿನ ಮಾವಿನಕಾಯಿಗಳ ಸಾಲನ್ನು ಬೆರಳಿನಿಂದ ಸವರಿ, ‘ಇದು ನಮ್ಮಮ್ಮ ಪೆಟ್ಟಿಗೆಗೆ ಹೊದಿಸುತ್ತಿದ್ದ ಹಳೇ ಬಟ್ಟೆಯ ಥರಾನೇ ಇದೆ’ ಎಂದಳು.

ಕೊನೆಯದಾಗಿ ದ್ರಾಕ್ಷಾರಸ. ಉತ್ತರಕ್ಕೆ ಅರ್ಧ ಗಂಟೆಯ ದಾರಿಯಲ್ಲಿ ಶಾತೊನಫ್-ದ್ಯು-ಪಾಪ್, ಎಂದರೆ ಪೋಪರ ಹೊಸ ಕೋಟೆ ಎಂಬ ಊರಿದೆ. ಆ ಕೋಟೆಯ ಗೋಪುರವನ್ನು 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನಿಕರು ಸಿಡಿಸಲು ಹೋಗಿ ಅರ್ಧವನ್ನಷ್ಟೇ ಉರುಳಿಸಿದರು. ಈ ಸೀಮೆಯಲ್ಲಿ ಶತ್ರುಗಳಿಗೂ ಅರ್ಧಕ್ಕೆ ಬಿಡುವ ಚಾಳಿ ಅಂಟುತ್ತದೆ. ಅದೇ ಊರಿನ ಮೇಯರ್ 1954ರಲ್ಲಿ, ಹಾರುವ ತಟ್ಟೆಗಳು ದ್ರಾಕ್ಷಿತೋಟಗಳಲ್ಲಿ ಇಳಿಯಕೂಡದು, ಇಳಿದರೆ ಜಪ್ತಿ ಮಾಡಲಾಗುವುದು ಎಂದು ಅಧಿಕೃತ ಆದೇಶ ಹೊರಡಿಸಿದರು. ಅನ್ಯಗ್ರಹದವರು ಅಂದಿನಿಂದ ಆ ಕಡೆ ಸುಳಿದಿಲ್ಲ. ಒಂದು ದಿನದ ಪ್ರವಾಸಿಗಳ ಬಗ್ಗೆ ಆದೇಶದಲ್ಲಿ ಪ್ರಸ್ತಾಪವಿಲ್ಲವಾದ್ದರಿಂದ ನಾವು ಅವಿನ್ಯೋನಿನಲ್ಲಿಯೇ ಆ ಹೆಸರಿನ ಒಂದು ಸೀಸೆ ಕೊಂಡು, ಓಡಿ ರೈಲು ಹತ್ತಿದೆವು.

ರೈಲಿನಲ್ಲಿ ಷಡ್ಡಕ, ನಾವು ಇಡೀ ದಿನ ನಡೆದ ದಾರಿಯನ್ನು ಫೋನು ನಕ್ಷೆಯ ಮೇಲೆ ಕೆಂಪು ಗೆರೆಯಾಗಿ ಎಳೆದಿದ್ದುದನ್ನು ಹೆಮ್ಮೆಯಿಂದ ತೋರಿಸಿ, ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ. ಗೆರೆ ಕೋಟೆಯೊಳಗೆ ಜಿಲೇಬಿಯಂತೆ ಸುತ್ತಿ, ಒಂದು ಕಡೆ ನೆಟ್ಟಗೆ ನದಿಯೊಳಕ್ಕೆ ನುಗ್ಗಿ, ನೀರಿನ ನಡುವೆ ನಿಂತು, ಹಾಗೆಯೇ ಹಿಂದಕ್ಕೆ ಬಂದಿತ್ತು. ಮೈಸೂರಿನಲ್ಲಿ ಆಗ ನಡುರಾತ್ರಿ ಸಮೀಪಿಸುತ್ತಿದ್ದರೂ ಎದ್ದೇ ಇದ್ದ ನಮ್ಮಿಬ್ಬರ ಮಾವನವರಿಂದ ಎರಡೇ ನಿಮಿಷದಲ್ಲಿ ಉತ್ತರ ಬಂದಿತು: ‘ಹೊಳೆಯ ಮಧ್ಯದಿಂದ ವಾಪಸ್ ಯಾಕೆ ಬಂದಿರಿ? ದುಡ್ಡು ಸಾಲದೆ ಹೋಯಿತೆ?’