ಊರಿನ ಸೊತ್ತು, ಬಡಾವಣೆಯ ಸೌಲಭ್ಯ

ಹೊಸೂರಿನ ಸುತ್ತ ಈಗ ರಾಗಿಗಿಂತ ಬೇಗನೆ ಕಮಾನುಗಳು ಬೆಳೆಯುತ್ತಿವೆ. ಬಾಗಲೂರು ರಸ್ತೆಯಿರಲಿ, ರಾಯಕೋಟೆ ರಸ್ತೆಯಿರಲಿ, ಡೆಂಕಣಿಕೋಟೆಯ ದಾರಿಯಿರಲಿ, ಎಲ್ಲಿ ನೋಡಿದರೂ ರೋಮನ್ ಕಂಬಗಳ ಮೇಲೆ ನಿಂತ ಒಂದು ಹೆಬ್ಬಾಗಿಲು, ಅದರ ಮುಂದೆ ನೀರಿಲ್ಲದ ಕಾರಂಜಿ, ಅದರ ಹಿಂದೆ ಬಿಳಿ ಕಲ್ಲು ನೆಟ್ಟ ಬಯಲು ಕಾಣಿಸುತ್ತದೆ. ಇವುಗಳಲ್ಲಿ ಯಾವುದಾದರೂ ಒಂದನ್ನು ಹೆಸರು ಹಿಡಿದು ಹೇಳಬೇಕಾಗಿಲ್ಲ. ಎಲ್ಲರ ಬ್ರೋಷರುಗಳನ್ನು ಒಟ್ಟಿಗೆ ಹರಡಿ ಮೊದಲ ಪುಟವನ್ನು ಮುಚ್ಚಿಟ್ಟರೆ, ಯಾವುದು ಯಾರದೆಂದು ಮುದ್ರಿಸಿದವರಿಗೂ ತಿಳಿಯಲಾರದು.

ಈ ಉದ್ಯಮದ ಪ್ರತಿಭೆಯನ್ನು ನಾವು ಇನ್ನೂ ಸರಿಯಾಗಿ ಗುರುತಿಸಿಲ್ಲವೆಂದೇ ನನ್ನ ಅಭಿಪ್ರಾಯ. ಸಾಮಾನ್ಯ ವ್ಯಾಪಾರಿ ತನ್ನಲ್ಲಿರುವುದನ್ನು ಮಾರುತ್ತಾನೆ. ಬಡಾವಣೆ ಕಟ್ಟುವವರಾದರೋ ಪಂಚಾಯಿತಿಯ ಕೆರೆ, ಅರಣ್ಯ ಇಲಾಖೆಯ ಕಾಡು, ಕೇಂದ್ರ ಸರ್ಕಾರದ ಹೆದ್ದಾರಿ, ಬೆಟ್ಟದ ಮೇಲಿರುವ ಚಂದ್ರಚೂಡೇಶ್ವರನ ದರ್ಶನ ಇವೆಲ್ಲವನ್ನೂ ಸೌಲಭ್ಯಗಳ ಪಟ್ಟಿಯಲ್ಲಿ ಬರೆದುಕೊಂಡು ಚದರಡಿಯ ಲೆಕ್ಕದಲ್ಲಿ ಮಾರುತ್ತಾರೆ. ತಾವೇ ಕೊಡಬೇಕಾದ ನೀರು, ಚರಂಡಿ, ಬೀದಿದೀಪಗಳನ್ನು ಮಾತ್ರ ದೊಡ್ಡ ಮನಸ್ಸು ಮಾಡಿ ಸರ್ಕಾರಕ್ಕೆ ಬಿಟ್ಟುಕೊಡುತ್ತಾರೆ.

ಮೊದಲ ಸೌಲಭ್ಯವೆಂದರೆ ಬೆಂಗಳೂರು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರು ತಾಲ್ಲೂಕು ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಇಲ್ಲಿನ ಹಳ್ಳಿಗಳಲ್ಲಿ ಕನ್ನಡವಾಡುವವರು ಎಷ್ಟೇ ಇದ್ದರೂ ಗಡಿ ಕದಲಲಿಲ್ಲ. ಅಂದು ಯಾರಿಂದಲೂ ಆಗದಿದ್ದ ಕಾರ್ಯವನ್ನು ಇಂದು ಬ್ರೋಕರುಗಳು ಯಾವ ಚಳವಳಿಯೂ ಇಲ್ಲದೆ ಮಾಡಿ ಮುಗಿಸಿದ್ದಾರೆ. ಅವರ ನಕ್ಷೆಯಲ್ಲಿ ಹೊಸೂರು ಬೆಂಗಳೂರಿನ ದಕ್ಷಿಣ ಭಾಗವಾಗಿದ್ದು, ಎಲೆಕ್ಟ್ರಾನಿಕ್ ಸಿಟಿ ಹದಿನೈದು ನಿಮಿಷದ ದೂರದಲ್ಲಿದೆ. ಕಿಲೋಮೀಟರುಗಳಲ್ಲಿ ದೂರ ಹೇಳಿದರೆ ಯಾರಾದರೂ ಅಳೆದು ನೋಡಬಹುದು. ನಿಮಿಷಗಳಲ್ಲಿ ಹೇಳಿದರೆ ಅಳೆಯುವವನು ಅತ್ತಿಬೆಲೆಯ ಟೋಲ್ ಸಾಲಿನಲ್ಲಿ ಸಿಕ್ಕಿಕೊಂಡಿರುತ್ತಾನೆ. ಆ ಹದಿನೈದು ನಿಮಿಷಗಳು ನಡುರಾತ್ರಿಯವೋ ಲಾಕ್‌ಡೌನ್ ಕಾಲದವೋ ಎಂದು ಕೇಳುವ ಪದ್ಧತಿ ಇಲ್ಲ.

ಮೆಟ್ರೊ ಎರಡನೆಯ ಸೌಲಭ್ಯ. ಬೆಂಗಳೂರಿನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಅದು ಬೊಮ್ಮಸಂದ್ರದಲ್ಲಿ ಮುಗಿಯುತ್ತದೆ. ಅಲ್ಲಿಂದ ಚಂದಾಪುರ ದಾಟಿ, ಅತ್ತಿಬೆಲೆ ದಾಟಿ, ರಾಜ್ಯದ ಗಡಿ ದಾಟಿ, ಜೂಜುವಾಡಿ ದಾಟಿ, ಹೊಸೂರು ಪಟ್ಟಣವನ್ನೂ ದಾಟಿ, ಪಂಚಾಯಿತಿ ರಸ್ತೆಯಲ್ಲಿ ಇನ್ನೊಂದಷ್ಟು ದೂರ ಹೋದರೆ ‘ಮೆಟ್ರೊಗೆ ಹೊಂದಿಕೊಂಡಿರುವ’ ಬಡಾವಣೆ ಸಿಗುತ್ತದೆ. ಇನ್ನು ವಿಮಾನ ನಿಲ್ದಾಣ. ಹೊಸೂರಿನಲ್ಲಿ 2,000 ಎಕರೆಯಲ್ಲಿ ವರ್ಷಕ್ಕೆ 3 ಕೋಟಿ ಪ್ರಯಾಣಿಕರನ್ನು ನಿಭಾಯಿಸಬಲ್ಲ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವನ್ನು ನಿರ್ಮಿಸುವುದಾಗಿ 2024ರ ಜೂನ್‌ನಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ತಮಿಳುನಾಡು ವಿಧಾನಸಭೆಯಲ್ಲಿ ಘೋಷಿಸಿದರು. ದೇವನಹಳ್ಳಿ ನಿಲ್ದಾಣದ ಒಪ್ಪಂದದ ಪ್ರಕಾರ, ಮೈಸೂರು ಮತ್ತು ಹಾಸನಗಳನ್ನು ಬಿಟ್ಟರೆ 150 ಕಿಲೋಮೀಟರ್ ಒಳಗೆ 2033ರವರೆಗೆ ಬೇರೊಂದು ನಿಲ್ದಾಣ ಕಾರ್ಯಾಚರಣೆ ನಡೆಸುವಂತಿಲ್ಲ. ಘೋಷಣೆಯ ಸುದ್ದಿ ಬ್ರೋಷರಿನಲ್ಲಿ ವಿಮಾನದ ಚಿತ್ರದೊಂದಿಗೆ ಮುದ್ರಣಗೊಂಡಿದೆ. ಒಪ್ಪಂದದ ಸುದ್ದಿಗೆ ಪುಟದಲ್ಲಿ ಜಾಗ ಸಾಲಲಿಲ್ಲವೆಂದು ಕಾಣುತ್ತದೆ. ನಿಲ್ದಾಣಕ್ಕೆ ಇನ್ನೂ ಗುದ್ದಲಿ ಬೀಳಬೇಕು. ಚದರಡಿಯ ದರವಂತೂ ಆಗಲೇ ಟೇಕಾಫ್ ಆಗಿದೆ.

ಆದರೆ ಇವೆಲ್ಲವನ್ನೂ ಮೀರಿಸುವುದು ನೀರಿನ ಅಧ್ಯಾಯ. ಹೊಳೆಯ ನೋಟವಿರುವ ಸೈಟಿಗೆ ಪ್ರತ್ಯೇಕ ದರ ಉಂಟು. ಆ ಹೊಳೆ ದಕ್ಷಿಣ ಪಿನಾಕಿನಿ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹರಿದು ಬರುವ ಮಹಾನಗರದ ಕೊಳಚೆಯನ್ನೂ ಸೇರಿಸಿಕೊಂಡು, ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟೆಗೆ ಬಂದು ತಲುಪುತ್ತದೆ. ಮಳೆಗಾಲದಲ್ಲಿ ಅಣೆಕಟ್ಟೆಯ ಬಾಗಿಲು ತೆರೆದಾಗ ಬೆಳ್ಳನೆಯ ನೊರೆ ಆಳೆತ್ತರಕ್ಕೆ ಎದ್ದು ತಗ್ಗಿನ ರಸ್ತೆಗಳನ್ನು ಮುಚ್ಚುವುದನ್ನು ಪತ್ರಿಕೆಗಳು ವರ್ಷವರ್ಷವೂ ಚಿತ್ರಸಹಿತ ಪ್ರಕಟಿಸುತ್ತವೆ. ಬೆಂಗಳೂರಿನ ಗಲೀಜು ಸಾಕಾಯಿತೆಂದು ಇಪ್ಪತ್ತು ವರ್ಷಗಳ ಸಾಲ ಮಾಡಿ ಇಲ್ಲಿಗೆ ಓಡಿಬರುವ ಗೃಹಸ್ಥರಿಗಿಂತ ಮುಂಚೆಯೇ, ಅತ್ತಿಬೆಲೆಯಲ್ಲಿ ಒಂದು ಪೈಸೆ ಟೋಲ್ ಕೊಡದೆ, ಆ ಗಲೀಜು ಇಲ್ಲಿಗೆ ಬಂದು ಅವರ ದಾರಿ ಕಾಯುತ್ತಿರುತ್ತದೆ. ಹಳೆಯ ಪರಿಚಯ ಹೀಗೆ ಸುಲಭವಾಗಿ ಬಿಟ್ಟುಹೋಗುವುದಿಲ್ಲ.

ನೋಡುವ ನೀರಿನ ಕಥೆ ಇದಾದರೆ ಕುಡಿಯುವ ನೀರಿನದು ಇನ್ನೊಂದು. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಮೂಳೆಗಳೆಲ್ಲ ಕೆಡುತ್ತಿದ್ದವೆಂದೇ ಹೊಗೇನಕಲ್‌ನಿಂದ ಕಾವೇರಿಯ ನೀರನ್ನು ತರುವ ಯೋಜನೆ ರೂಪುಗೊಂಡು 2013ರಲ್ಲಿ ಉದ್ಘಾಟನೆಯಾಯಿತು. ಆ ಕೊಳವೆ ಹಳೆಯ ಊರುಗಳ ಜನಸಂಖ್ಯೆಯ ಲೆಕ್ಕದಲ್ಲಿ ಹಾಕಿದ್ದೇ ಹೊರತು ಮುಂದೆ ಹುಟ್ಟಲಿರುವ ಈಜುಕೊಳಗಳ ಲೆಕ್ಕದಲ್ಲಿ ಅಲ್ಲ. ಆದಕಾರಣ ಬಡಾವಣೆಯಲ್ಲಿ ದಿನದ 24 ಗಂಟೆಯೂ ನೀರು ಎಂಬ ಭರವಸೆಯನ್ನು ಟ್ಯಾಂಕರುಗಳು 24 ಗಂಟೆಯೂ ಓಡಾಡಿ ಉಳಿಸಿಕೊಡುತ್ತವೆ. ಕೊಳಚೆ ಶುದ್ಧೀಕರಣ ಘಟಕವೂ ಇದೆ. ವಿದ್ಯುತ್ ಬಿಲ್ಲು ಯಾರು ಕಟ್ಟಬೇಕೆಂಬ ಪ್ರಶ್ನೆ ಇತ್ಯರ್ಥವಾಗದಿರುವುದರಿಂದ ಅದಕ್ಕೆ ಬೀಗ ಹಾಕಿ ಅಚ್ಚುಕಟ್ಟಾಗಿ ಕಾಪಾಡಲಾಗಿದೆ. ಹೀಗಾಗಿ ಒಳಗೆ ನೀರು ತರುವ ಟ್ಯಾಂಕರು, ಹೊರಗೆ ಕೊಳಚೆ ಒಯ್ಯುವ ಟ್ಯಾಂಕರು ಎರಡೂ ಅದೇ ರೋಮನ್ ಹೆಬ್ಬಾಗಿಲಿನಲ್ಲಿ ಎದುರುಬದುರಾಗುತ್ತವೆ. ಯಾವುದು ಯಾವುದೆಂದು ಬಲ್ಲವನು ಕಾವಲುಗಾರನೊಬ್ಬನೇ.

ಕಾಡಿನ ವಿಚಾರ ಹೆಚ್ಚು ಹೇಳಬೇಕಾಗಿಲ್ಲ. ‘ಪ್ರಕೃತಿಯ ಮಡಿಲು’ ಎಂಬುದು ಸುಳ್ಳಲ್ಲ. ರಾಗಿ ತೆನೆಗಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ತಳಿ ಮಾರ್ಗವಾಗಿ ಸಾನಮಾವು ಕಾಡಿಗೆ ಆನೆಗಳ ಹಿಂಡು ಬರುವುದು ಈ ಸೀಮೆಯ ವಾರ್ಷಿಕ ಕ್ರಮ. ಬಡಾವಣೆಯವರು ಭಾನುವಾರಗಳಲ್ಲಿ ಬೆಂಗಳೂರಿನಿಂದ ಗಿರಾಕಿಗಳನ್ನು ಊಟದ ಸಮೇತ ಕರೆತರುತ್ತಾರೆ. ಆನೆಗಳು ಮಾತ್ರ ತಮ್ಮ ಖರ್ಚಿನಲ್ಲೇ ಬಂದು ಸೈಟ್ ವಿಸಿಟ್ ಮಾಡುತ್ತವೆ. ಕಾಂಪೌಂಡು ಗೋಡೆಯ ಗುಣಮಟ್ಟವನ್ನು ಇದುವರೆಗೆ ಪ್ರಾಮಾಣಿಕವಾಗಿ ಪರೀಕ್ಷಿಸಿರುವವು ಅವು ಮಾತ್ರವೇ.

ಉದ್ಯಾನದ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ತಮಿಳುನಾಡಿನಲ್ಲಿ ನಿಗದಿತ ಅಳತೆಗಿಂತ ದೊಡ್ಡದಾದ ಬಡಾವಣೆ ಮಾಡುವವರು ರಸ್ತೆಗಳನ್ನು ಬಿಟ್ಟು ಉಳಿದ ಜಾಗದಲ್ಲಿ ಶೇಕಡಾ 10ರಷ್ಟನ್ನು ಬಯಲಾಗಿ ಬಿಟ್ಟು, ದಾನಪತ್ರದ ಮೂಲಕ ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು. ಜನ ಓಎಸ್‌ಆರ್ ಎನ್ನುವುದು ಇದನ್ನೇ. ದಾನ ಕೊಡುವಾಗ ಹಾಲು ಕರೆಯದ ಹಸುವನ್ನೇ ಆರಿಸುವ ನಮ್ಮ ಹಿರಿಯರ ಸಂಪ್ರದಾಯಕ್ಕೆ ಅನುಗುಣವಾಗಿ, ಹೆಬ್ಬಂಡೆಯಿರುವ ಮೂಲೆಯೋ ಮಳೆನೀರು ನಿಲ್ಲುವ ಹಳ್ಳವೋ ಉದ್ಯಾನದ ಪದವಿಗೇರುತ್ತದೆ. ಅನಂತರ ಅದರ ಮುಂದೆ ‘ನಿವಾಸಿಗಳಿಗೆ ಮಾತ್ರ ಪ್ರವೇಶ’ ಎಂಬ ಫಲಕ ಬೀಳುತ್ತದೆ. ಅಂದರೆ ದಾಖಲೆಯ ಪ್ರಕಾರ ಪಂಚಾಯಿತಿಯ ಸೊತ್ತಾಗಿರುವ ಜಾಗಕ್ಕೆ ಪಂಚಾಯಿತಿಯ ಜನ ಕಾಲಿಡುವಂತಿಲ್ಲ. ಆ ಮೂಲೆಯ ಪಕ್ಕದಲ್ಲೇ ಮೊದಲು ಪಾಲಿಹೌಸಿನಲ್ಲಿ ಗುಲಾಬಿ ಬೆಳೆದು ಫೆಬ್ರವರಿ 14ಕ್ಕೆಂದು ವಿದೇಶಕ್ಕೆ ಕಳುಹಿಸುತ್ತಿದ್ದ ರೈತರೊಬ್ಬರ ಹೊಲವಿತ್ತು. ಈಗ ಅಲ್ಲಿ ರೋಸ್ ಗಾರ್ಡನ್ ಇದೆ. ನೀರಿನ ಅಭಾವವನ್ನು ಮುಂದಾಲೋಚಿಸಿ ಹೂವುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿಸಲಾಗಿದೆ.

ಸುಳ್ಳು ಜಾಹೀರಾತು ನಂಬಿ ಹಣ ಕಟ್ಟಿ ನಷ್ಟಕ್ಕೊಳಗಾದವನಿಗೆ ಪರಿಹಾರ ಕೊಡಬೇಕು, ಅವನು ಹಿಂದೆ ಸರಿದರೆ ಹಣವನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು ಎಂದು ಸೈಟು, ಮನೆಗಳ ಮಾರಾಟವನ್ನು ನಿಯಂತ್ರಿಸುವ 2016ರ ರೇರಾ ಕಾಯಿದೆಯ 12ನೆಯ ಕಲಮು ಹೇಳುತ್ತದೆಯಲ್ಲ ಎಂದು ತಿಳಿದವರು ಕೇಳಬಹುದು. ನಿಜ. ಅದಕ್ಕಾಗಿಯೇ ಪ್ರತಿ ಪುಟದ ಕೆಳಗೂ, ಭೂತಗನ್ನಡಿಗೂ ಸಿಗದ ಅಕ್ಷರಗಳಲ್ಲಿ, ಚಿತ್ರಗಳೆಲ್ಲ ಕಲಾವಿದನ ಕಲ್ಪನೆ ಎಂದು ಅಚ್ಚಾಗಿರುತ್ತದೆ. ಕೆರೆ ಕಲ್ಪನೆ, ಮರ ಕಲ್ಪನೆ, ಮರದ ಕೆಳಗೆ ನಗುತ್ತ ನಾಯಿ ಹಿಡಿದು ನಿಂತಿರುವ ಸಂಸಾರವೂ ಕಲ್ಪನೆ. ವಾಸ್ತವವಾದದ್ದು ತಿಂಗಳ ಐದನೆಯ ತಾರೀಖಿಗೆ ಬ್ಯಾಂಕು ಕತ್ತರಿಸಿಕೊಳ್ಳುವ ಕಂತು. ಹೊಸೂರಿನ ಸುತ್ತ ಇಂದು ಕಲ್ಪನೆಗೆ ಸಿಗುತ್ತಿರುವಷ್ಟು ಪೋಷಣೆ ವಿಜಯನಗರದ ಅರಸರ ಕಾಲದಲ್ಲಿಯೂ ಕವಿಗಳಿಗೆ ಸಿಕ್ಕಿರಲಾರದು.

ಇಷ್ಟಾದರೂ ನಿವಾಸಿಗಳು ದೂರಲು ಹೋದರೆ ಎಲ್ಲಿಗೆ ಹೋಗಬೇಕೆಂಬುದೇ ತಿಳಿಯದು. ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು; ಬಡಾವಣೆ ಪಾಲಿಕೆಯ ಎಲ್ಲೆಯ ಆಚೆಗಿದೆ. ಅವರು ದುಡಿಯುವುದು ಕರ್ನಾಟಕದಲ್ಲಿ, ಮಲಗುವುದು ತಮಿಳುನಾಡಿನಲ್ಲಿ, ಕಾರಿನ ಹಣೆಯ ಮೇಲೆ ಇರುವುದು ಕೆಎ ಎಂಬ ಅಕ್ಷರಗಳು. ಸಂಘದ ಸಭೆಯಲ್ಲಿ ನೀರಿನ ಪ್ರಸ್ತಾಪ ಬಂದಾಗ ಬಡಾವಣೆಯ ಪ್ರತಿನಿಧಿ ಎದ್ದು ನಿಂತು, ‘ಸರ್, ಸ್ವಲ್ಪ ತಾಳಿಕೊಳ್ಳಿ, ಏರಿಯಾ ಡೆವಲಪ್ ಆಗುತ್ತಿದೆ’ ಎನ್ನುತ್ತಾನೆ.

ಅವನ ಮಾತು ಸುಳ್ಳಲ್ಲ. ರಸ್ತೆಯ ಆಚೆ ಬದಿಯ ರಾಗಿ ಹೊಲದಲ್ಲಿ ಎರಡನೆಯ ಹಂತದ ಕಲ್ಲುಗಳನ್ನು ಆಗಲೇ ನೆಡುತ್ತಿದ್ದಾರೆ. ಅದರ ಬ್ರೋಷರಿನಲ್ಲಿ ಕೆರೆ, ಕಾಡು, ಮೆಟ್ರೊ, ವಿಮಾನ ನಿಲ್ದಾಣಗಳ ಕೆಳಗೆ ಹೊಸದೊಂದು ಸೌಲಭ್ಯವನ್ನು ಸೇರಿಸಿ, ದರವನ್ನು ಅದಕ್ಕೆ ತಕ್ಕಂತೆ ಏರಿಸಲಾಗಿದೆ: ‘ಎದುರಿನಲ್ಲೇ ನೂರಾರು ಸಂತೃಪ್ತ ಕುಟುಂಬಗಳು ವಾಸಿಸುತ್ತಿರುವ ಸುಸಜ್ಜಿತ ಬಡಾವಣೆ.’