ಕಣ್ಣಿಗೆ ಬೀಳಬಾರದ ತೊಟ್ಟಿ

ನನ್ನ ಸ್ನೇಹಿತನೊಬ್ಬ ಇಂಗ್ಲೆಂಡಿನಲ್ಲಿ ಡಾಕ್ಟರು. ದಾವಣಗೆರೆ ಕಡೆಯವನು. ಹೋದ ವರ್ಷ ಕಾಟ್ಸ್‌ವೋಲ್ಡ್ಸ್ ಕಡೆಯ ಒಂದು ಹಳ್ಳಿಯಲ್ಲಿ ಮನೆ ಕೊಂಡ. ಹಳ್ಳಿಯ ಹೆಸರು ಬೇಡ, ಪಾಪ, ಅವನು ಇನ್ನೂ ಅಲ್ಲೇ ಬಾಳ್ವೆ ಮಾಡಬೇಕು. ಮನೆ ಹದಿನೇಳನೇ ಶತಮಾನದ್ದು. ಗೋಡೆ ಮೊಳ ದಪ್ಪ, ಬಾಗಿಲು ಗಿಡ್ಡ. ಒಳಗೆ ಹೋಗುವವರು ತಲೆ ಬಗ್ಗಿಸಬೇಕು. ಬಗ್ಗಿಸದವರಿಗೆ ತೊಲೆಯೇ ಬುದ್ಧಿ ಹೇಳುತ್ತದೆ. ಆ ಸೀಮೆಯ ಕಲ್ಲನ್ನು ಇಂಗ್ಲಿಷರು ಜೇನಿನ ಬಣ್ಣದ್ದು ಅಂತಾರೆ. ನನಗೆ ಅದು ಥೇಟ್ ಮಂಡ್ಯದ ಅಚ್ಚುಬೆಲ್ಲ. ಬೀದಿಯುದ್ದಕ್ಕೂ ಬೆಲ್ಲ ಜೋಡಿಸಿಟ್ಟ ಹಾಗಿದೆ. ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ ಟೂರಿಸ್ಟುಗಳು.

ಸರ್ಕಾರ ಕಾಪಾಡುವ ಹಳೇ ಕಟ್ಟಡಗಳ ಪಟ್ಟಿಯಲ್ಲಿ ಮನೆಗೆ ಗ್ರೇಡ್ ಟೂ ಎಂಬ ಪದವಿ ಇದೆ. ಅಂದರೆ ಒಂದು ಕಿಟಕಿ ಬದಲಿಸುವುದಕ್ಕೂ ಅಪ್ಪಣೆ ಬೇಕು. ಕೇಳದೆ ಬದಲಿಸಿದರೆ ಕ್ರಿಮಿನಲ್ ಕೇಸು. ಹೊರಗಿನದೆಲ್ಲ ಹೀಗೆ ಪರಂಪರೆ. ಅಟ್ಟದ ಮೇಲಿದ್ದದ್ದು ಮಾತ್ರ ಶುದ್ಧ ಕಸ. ಹಿಂದಿನ ಮಾಲೀಕರು ನಲವತ್ತು ವರ್ಷ ಕೂಡಿಟ್ಟು, ಮನೆಯ ಜೊತೆ ಉಚಿತವಾಗಿ ಕೊಟ್ಟುಹೋಗಿದ್ದು. ಟೈರಿಲ್ಲದ ಎರಡು ಸೈಕಲ್. ಹುಲ್ಲು ಕತ್ತರಿಸುವ ಮೂರು ಮಷೀನು, ಒಂದೂ ಓಡುವುದಿಲ್ಲ. ಕಿವಿ ಮುರಿದ ಟೀ ಕಪ್ಪುಗಳು, ಪೇಪರಿನಲ್ಲಿ ಜೋಪಾನವಾಗಿ ಸುತ್ತಿಟ್ಟವು. ಬಚ್ಚಲಲ್ಲಿ 1970ರ ದಶಕದ ಆವಕಾಡೊ ಹಸಿರಿನ ಬಾತ್‌ಟಬ್. ಆ ಕಾಲದಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ಅದೇ ಫ್ಯಾಷನ್ನು. ಯಾಕೆ ಅಂತ ಈಗ ಕೇಳಿದರೆ ಅವರೂ ತಲೆ ತಗ್ಗಿಸುತ್ತಾರೆ.

"ಒಂದು ಸ್ಕಿಪ್ ತರಿಸ್ತೀನಿ, ಶನಿವಾರ ಬಾ, ಎಲ್ಲಾ ಎತ್ತಿ ಹಾಕೋಣ" ಅಂದ. ನಾನಿರುವುದು ಸ್ವಿಂಡನ್ನಿನಲ್ಲಿ, ಅರ್ಧ ಗಂಟೆ ದಾರಿ. ಹೂಂ ಅಂದೆ. ಆ ಶನಿವಾರ ಬಂದಿದ್ದು ಏಳು ವಾರದ ಮೇಲೆ.

ಸ್ಕಿಪ್ ಅಂದರೆ ಮುಚ್ಚಳವಿಲ್ಲದ ಕಬ್ಬಿಣದ ದೊಡ್ಡ ತೊಟ್ಟಿ. ಲಾರಿಯ ಬೆನ್ನ ಮೇಲೆ ಬರುತ್ತದೆ, ಸರಪಳಿ ಹಿಡಿದು ಇಳಿಯುತ್ತದೆ. ನಾವು ತುಂಬಿಸಿದ ಮೇಲೆ ಮತ್ತೆ ಸರಪಳಿ ಹಿಡಿದು ಹತ್ತುತ್ತದೆ. ದೇಶ ಮೀಟರು ಲೀಟರಿಗೆ ಹೊರಳಿ ಅರ್ಧ ಶತಮಾನ ಆಯಿತು. ಆದರೂ ಇಲ್ಲಿ ದಾರಿ ಮೈಲಿಯಲ್ಲಿ, ಬಿಯರು ಪೈಂಟಿನಲ್ಲಿ, ಕಸ ಗಜದಲ್ಲಿ, ಅಂದರೆ ಘನಗಜದಲ್ಲಿ. ಫೋನ್ ಮಾಡಿದರೆ "ನಾಲ್ಕು ಗಜದ್ದು ಬೇಕಾ, ಆರು ಗಜದ್ದಾ, ಎಂಟು ಗಜದ್ದಾ" ಅಂತ ಕೇಳುತ್ತಾರೆ. ಸೀರೆ ಅಂಗಡಿಯಲ್ಲಿ ನಿಂತ ಹಾಗಾಗುತ್ತದೆ. ನಾವು ಮಾಮೂಲಿ ಆರು ಗಜದ್ದೇ ಇರಲಿ ಅಂದೆವು. ಬಾರ್ಡರ್ ಬಗ್ಗೆ ಆಮೇಲೆ ಗೊತ್ತಾಯಿತು.

ಸ್ವಂತ ಅಂಗಳ ಇದ್ದರೆ ತೊಟ್ಟಿ ಇಡಲು ಯಾರನ್ನೂ ಕೇಳಬೇಕಿಲ್ಲ. ಆದರೆ ಕುರಿ ಮತ್ತು ಗಾಡಿಗಾಗಿ ಹುಟ್ಟಿದ ಬೀದಿಯಲ್ಲಿ ಅಂಗಳ ಎಲ್ಲಿಂದ ಬರಬೇಕು? ಬಾಗಿಲು ತೆಗೆದರೆ ಕಾಲು ನೇರ ರಸ್ತೆಗೆ. ರಸ್ತೆ ಅಂದ ಮೇಲೆ 1980ರ ಹೈವೇಸ್ ಆಕ್ಟ್, ಅದರ 139ನೇ ಸೆಕ್ಷನ್ನು. ತೊಟ್ಟಿಗೆ ಪರ್ಮಿಟ್ ಬೇಕು. ಕಾನೂನಿನ ಕಣ್ಣಲ್ಲಿ ಅದು 'ಬಿಲ್ಡರ್ಸ್ ಸ್ಕಿಪ್'. ಒಳಗಿರುವುದು ಯಾವುದೋ ಅಜ್ಜಿಯ ಟೀ ಕಪ್ಪಾದರೂ ಸರಿ. ತೊಟ್ಟಿಯ ಮೇಲೆ ಮಾಲೀಕರ ಹೆಸರು, ಜೊತೆಗೆ ಫೋನ್ ನಂಬರೋ ವಿಳಾಸವೋ ಇರಬೇಕು. 1984ರ ಇನ್ನೊಂದು ನಿಯಮದ ಪ್ರಕಾರ ಎರಡೂ ತುದಿಗೆ ಕೆಂಪು-ಹಳದಿ ಪಟ್ಟೆ ಇರಬೇಕು, ಬೆಳಕು ಬಿದ್ದರೆ ಫಳಫಳ ಹೊಳೆಯುವಂಥದ್ದು. ಸೀರೆಯ ಬಾರ್ಡರ್ ಅಂದೆನಲ್ಲ, ಇದೇ. ಕತ್ತಲಾದ ಮೇಲೆ ದೀಪ ಹಚ್ಚಿಡಬೇಕು. ಇಷ್ಟೆಲ್ಲ ಮಾಡಿದರೂ ಯೂನಿಫಾರ್ಮ್ ಹಾಕಿದ ಪೊಲೀಸಪ್ಪ ಬಂದು "ಸರಿಸಿ" ಅಂದರೆ ಸರಿಸಬೇಕು. ಒಟ್ಟಿನಲ್ಲಿ ಸರ್ಕಾರದ ಆಸೆ ಏನಪ್ಪಾ ಅಂದರೆ, ಈ ತೊಟ್ಟಿ ಕಾಣಬೇಕು. ದೂರದಿಂದ, ರಾತ್ರಿಯಲ್ಲಿ, ಮಂಜಿನಲ್ಲಿ.

ಹಳ್ಳಿಯ ಆಸೆ ಒಂದೇ. ಅದು ಕಾಣಬಾರದು.

ಆ ಊರು ಕನ್ಸರ್ವೇಶನ್ ಏರಿಯಾ. ಊರಿನ ಚಹರೆಯನ್ನೇ ಕಾಪಾಡುವ ಈ ಪದ್ಧತಿ 1967ರ ಕಾನೂನಿನಿಂದ ಶುರುವಾಯಿತು. ಮೊದಲ ಪಟ್ಟ ಲಿಂಕನ್‌ಶೈರಿನ ಸ್ಟ್ಯಾಮ್‌ಫರ್ಡ್ ಊರಿಗೆ. ಈಗ ಇಂಗ್ಲೆಂಡಿನಲ್ಲಿ ಅಂಥವು ಸುಮಾರು 10,000 ಇವೆ. ಒಳ್ಳೆಯ ಕಾನೂನೇ, ಸುಳ್ಳು ಯಾಕೆ ಹೇಳಲಿ. ನಮ್ಮ ಕಡೆ ಹಳೇ ಮನೆಗಳನ್ನು ಕೆಡವಿ ಗಾಜಿನ ಡಬ್ಬಿ ಕಟ್ಟುವುದನ್ನು ನೋಡಿದವನು ನಾನು. ತೊಂದರೆ ಇರುವುದು ಕಾನೂನು ನಿಂತಮೇಲೂ ನಿಲ್ಲದೆ ಮುಂದೆ ಹೋಗುವವರಲ್ಲಿ. ಎರಡು ವಾರ ನಿಂತು ಹೋಗುವ ತೊಟ್ಟಿಯ ಬಗ್ಗೆ ಆ ಕಾನೂನಿಗೆ ತಕರಾರಿಲ್ಲ. ತಕರಾರು ಪರದೆ ಸರಿಸಿ ನೋಡುವ ಕಣ್ಣುಗಳದ್ದು.

ಅಲ್ಲೇ ಪಕ್ಕದ ಬೈಬರಿ ಊರಿನ ಕತೆ ಕೇಳಿ. ಅಲ್ಲಿ ಆರ್ಲಿಂಗ್ಟನ್ ರೋ ಅಂತ ಒಂದು ಸಾಲುಮನೆ. ಹದಿನಾಲ್ಕನೇ ಶತಮಾನದಲ್ಲಿ ಉಣ್ಣೆ ಉಗ್ರಾಣವಾಗಿತ್ತು, ಆಮೇಲೆ ನೇಕಾರರ ಮನೆಗಳಾದವು. ಬ್ರಿಟಿಷ್ ಪಾಸ್‌ಪೋರ್ಟಿನ ಒಳರಟ್ಟಿನ ಮೇಲೂ ಅಚ್ಚಾಗಿತ್ತು. ಅದರ ಹತ್ತಿರ ಒಬ್ಬ ಹಿರಿಯರು ದಿನವೂ ತಮ್ಮ ಪುಟ್ಟ ಹಳದಿ ಕಾರು ನಿಲ್ಲಿಸುತ್ತಿದ್ದರು. ಫೋಟೋ ಕೆಡುತ್ತದೆ ಅಂತ ಜನ ಗೊಣಗಿದರು. 2017ರಲ್ಲಿ ಯಾರೋ ಪುಣ್ಯಾತ್ಮರು ಬಾನೆಟ್ ಮೇಲೆ 'ಸರಿಸು' ಅಂತ ಗೀಚಿ ಕಾರನ್ನು ಹಾಳು ಮಾಡಿದರು. ಅದಕ್ಕೆ ಉತ್ತರವಾಗಿ ಏಪ್ರಿಲ್‌ನಲ್ಲಿ ದೇಶದ ಬೇರೆ ಬೇರೆ ಕಡೆಯಿಂದ ನೂರರಷ್ಟು ಹಳದಿ ಕಾರುಗಳು ಆ ಹಳ್ಳಿಗೆ ಮೆರವಣಿಗೆ ಬಂದವು. ಒಂದು ಹಳದಿಗೆ ಮುನಿದವರು ನೂರು ಹಳದಿ ನೋಡಬೇಕಾಯಿತು. ನನಗಂತೂ ಬ್ರಿಟನ್ನಿನ ಮೇಲೆ ಪ್ರೀತಿ ಉಕ್ಕುವುದು ಇಂಥ ಸುದ್ದಿ ಓದಿದಾಗಲೇ.

ನಮ್ಮ ಸ್ಕಿಪ್ಪೂ ಹಳದಿಯೇ.

ಅದು ಬರುವುದಕ್ಕೆ ಮೊದಲು ಬೇರೆ ದಾರಿ ಹುಡುಕಲಿಲ್ಲ ಅಂದುಕೊಳ್ಳಬೇಡಿ. ಎದುರಿಗೇ ಊರ ಹಸಿರು, ಹುಲ್ಲಿನ ಬಯಲು. ಒಂದು ದಿನದ ಮಟ್ಟಿಗೆ ಅದರ ಅಂಚಿನಲ್ಲಿ ಸಾಮಾನು ರಾಶಿ ಹಾಕಿ, ವ್ಯಾನ್ ಕರೆಸಿದರೆ? ಆಗಲ್ಲ. 1857ರ ಕಾಯಿದೆಯ ಪ್ರಕಾರ ಊರ ಹಸಿರಿನ ಮೇಲೆ ಗೊಬ್ಬರ, ಮಣ್ಣು, ಬೂದಿ, ಕಸ ಹಾಕುವುದು ಅಪರಾಧ. ಇಸವಿ ಗಮನಿಸಿ. ಅದೇ ವರ್ಷ ನಮ್ಮ ಹಲಗಲಿಯ ಬೇಡರ ಕೈಯಿಂದ ಇವರು ಆಯುಧ ಕಿತ್ತುಕೊಳ್ಳಲು ಹೋಗಿದ್ದು. ಅಲ್ಲಿ ಊರಿಗೆ ಊರೇ ಸುಟ್ಟರು. ಇಲ್ಲಿ ಹುಲ್ಲಿನ ಮೇಲೆ ಬೂದಿ ಬೀಳಬಾರದು ಅಂತ ಕಾನೂನು ಬರೆದರು. ಅದು ಇವತ್ತಿಗೂ ಜಾರಿಯಲ್ಲಿದೆ.

ಸರಿ, ಕೌನ್ಸಿಲ್ಲಿನ 'ಟಿಪ್'ಗೆ, ಅಂದರೆ ಕಸದ ಕೇಂದ್ರಕ್ಕೆ, ನಾವೇ ಕಾರಿನಲ್ಲಿ ಹೊತ್ತುಕೊಂಡು ಹೋದರೆ? ಹೋಗಬಹುದು, ಮೊದಲು ಸ್ಲಾಟ್ ಬುಕ್ ಮಾಡಬೇಕು. ತಿರುಪತಿ ದರ್ಶನದ ಹಾಗೆ. ಮನೆ ರಿಪೇರಿಯ ಗಾರೆ, ಟೈಲ್ಸ್ ಇದ್ದರೆ ಬೇರೆ ಲೆಕ್ಕ. 2023ರ ಕೊನೆಯ ದಿನದಿಂದ ಅದಕ್ಕೆ ದುಡ್ಡು ಕೇಳಬಾರದು ಅಂತ ಸರ್ಕಾರವೇ ಹೇಳಿದೆ. ಎಷ್ಟರ ಮಟ್ಟಿಗೆ? ಒಂದು ಸಲಕ್ಕೆ 50 ಲೀಟರಿನ ಎರಡು ಚೀಲ. ಅಥವಾ 2000 ಮಿಲಿಮೀಟರ್ ಉದ್ದ, 750 ಅಗಲ, 700 ಎತ್ತರ ಮೀರದ ಒಂದು ಸಾಮಾನು. ನಾಲ್ಕು ವಾರಕ್ಕೆ ನಾಲ್ಕೇ ಸಲ. ನಮ್ಮ ಹಸಿರು ಬಾತ್‌ಟಬ್ ಈ ಅಳತೆಯೊಳಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಬರೆದ ಅಧಿಕಾರಿಯ ಮನೆಯಲ್ಲೂ ಅಂಥದ್ದೊಂದು ಇರಬೇಕು. ಆದರೆ ಬಚ್ಚಲಿನ ಗಾರೆ, ಟೈಲ್ಸು ಅರ್ಧ ಸ್ಕಿಪ್ಪಿನಷ್ಟಿತ್ತು. ಸ್ನೇಹಿತ ಕ್ಯಾಲ್ಕುಲೇಟರ್ ತೆಗೆದ. ಅರ್ಧ ಸ್ಕಿಪ್ ಅಂದರೆ 2300 ಲೀಟರ್ ಹತ್ತಿರ. ಸಲಕ್ಕೆ ನೂರರಂತೆ 23 ಸಲ, ಅಂದರೆ 23 ವಾರ. ಯುಗಾದಿಗೆ ಶುರು ಮಾಡಿದರೆ ಗೌರಿ ಹಬ್ಬಕ್ಕೆ ಬಚ್ಚಲು ಖಾಲಿ.

ಊರಲ್ಲಾದರೆ ಗುಜರಿಯವನು ಬಾಗಿಲಿಗೆ ಬರುತ್ತಿದ್ದ. ಸೈಕಲ್, ಮಷೀನು ತೂಗಿ, ನಮ್ಮ ಕೈಗೇ ನಾಲ್ಕು ಕಾಸು ಹಾಕಿ ಹೋಗುತ್ತಿದ್ದ. ಇಲ್ಲಿ ಕಸ ಕೊಡುವವನೇ ಕಾಸೂ ಕೊಡಬೇಕು. ನೆಲದಲ್ಲಿ ಹೂಳುವ ಕಸಕ್ಕೆ ತೆರಿಗೆ ಬೇರೆ. 1996ರಲ್ಲಿ ಟನ್ನಿಗೆ 7 ಪೌಂಡ್ ಇತ್ತು, 2025ರ ಏಪ್ರಿಲ್ ಹೊತ್ತಿಗೆ 126.15 ಪೌಂಡ್ ಆಯಿತು. ಸ್ಕಿಪ್ಪಿನ ಬಾಡಿಗೆ ಯಾಕೆ ಅಷ್ಟು ಜಾಸ್ತಿ ಅಂದರೆ ಇದೂ ಒಂದು ಕಾರಣ.

ಅಂತೂ ತೊಟ್ಟಿ ಬಂತು. ಅದರ ಹಿಂದೆಯೇ ಚೀಟಿ ಬಂತು. ಬಾಗಿಲ ಕೆಳಗಿನಿಂದ ತೂರಿಸಿದ್ದರು. ದಪ್ಪ ಕೆನೆಬಣ್ಣದ ಕಾಗದ, ನೀಲಿ ಶಾಯಿ, ಮುತ್ತು ಪೋಣಿಸಿದಂಥ ಅಕ್ಷರ. ಸಹಿ ಇಲ್ಲ. ಹೊಸ ನೆರೆಯವರಿಗೆ ಸ್ವಾಗತ. ಮನೆ ಸರಿಮಾಡಿಸುವುದು ಎಷ್ಟು ಕಷ್ಟ ಅಂತ ನಮಗೂ ಗೊತ್ತು. ಖಂಡಿತ ತಪ್ಪು ತಿಳಿಯಬೇಡಿ. ಆದರೆ ಆ ವಸ್ತು ಇನ್ನೂ ಸ್ವಲ್ಪ ಸೌಮ್ಯ ಬಣ್ಣದಲ್ಲಿ ಸಿಗುತ್ತದೋ ಏನೋ ಎಂಬ ಒಂದು ಸಣ್ಣ ಕುತೂಹಲ ಅಷ್ಟೇ. ಇಂಗ್ಲಿಷರ ಸಣ್ಣ ಕುತೂಹಲ ಅಂದರೆ ನಮ್ಮಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದ ಹಾಗೆ. ಸ್ನೇಹಿತ ಗಾಬರಿಯಾಗಿ ಹಸಿರು ಟಾರ್ಪಾಲ್ ತಂದು ಹೊದಿಸಿದ. ಕಂಪನಿಯವರು ಫೋನ್ ಮಾಡಿ ಬೈದರು. ಕೆಂಪು-ಹಳದಿ ಪಟ್ಟೆ ಮುಚ್ಚಿ ಹೋಗಿದೆ, ತೆಗೀರಿ. ತೆಗೆದ.

ರಾತ್ರಿ ಇನ್ನೂ ಚೆಂದ. ಆ ಹಳ್ಳಿಯಲ್ಲಿ ಬೀದಿ ದೀಪ ಇಲ್ಲ. ಕತ್ತಲೆಯೂ ಅಲ್ಲಿ ಪರಂಪರೆಯೇ. ಊರಿಗೆ ಊರೇ ಕಪ್ಪು. ನಡುವೆ ನಮ್ಮ ತೊಟ್ಟಿ ಒಂದೇ, ನಾಲ್ಕು ಮೂಲೆಗೆ ನಾಲ್ಕು ಕೇಸರಿ ದೀಪ ಮಿಣಮಿಣ. ಗಣಪತಿ ಪೆಂಡಾಲಿನ ಹಾಗೆ. ನಾಯಿ ಹಿಡಿದು ವಾಕಿಂಗ್ ಹೋಗುವವರು ಅಲ್ಲಿಗೆ ಬಂದು, ಒಂದು ಕ್ಷಣ ನಿಂತು, ತಲೆ ಬಗ್ಗಿಸಿ ಹೋಗುತ್ತಿದ್ದರು. ಪ್ರದಕ್ಷಿಣೆ ಒಂದು ಬಾಕಿ.

ಈ ದೇಶದಲ್ಲಿ ಕಸದ ಬಗ್ಗೆ ಯಾರ ಅಪ್ಪಣೆಯನ್ನೂ ಕೇಳದವರು ಇಲ್ಲವೇ? ಬೇಕಾದಷ್ಟಿದ್ದಾರೆ. ರಾತ್ರಿ ವ್ಯಾನಿನಲ್ಲಿ ತಂದು ಕಾಡಂಚಿಗೆ, ಗದ್ದೆ ಬದಿಗೆ ಸುರಿದು ಹೋಗುತ್ತಾರೆ. 2023-24ರಲ್ಲಿ ಇಂಗ್ಲೆಂಡಿನ ಕೌನ್ಸಿಲ್‌ಗಳು ಲೆಕ್ಕ ಹಾಕಿದ್ದೇ 11.5 ಲಕ್ಷ ಪ್ರಕರಣ. ಅದರಲ್ಲಿ ಸುಮಾರು ನೂರಕ್ಕೆ ಅರವತ್ತು ಮನೆ ಕಸದ್ದು. ಅವರ ತೊಟ್ಟಿಗೆ ಪಟ್ಟೆ ಇಲ್ಲ, ದೀಪ ಇಲ್ಲ, ಚೀಟಿಯೂ ಬರುವುದಿಲ್ಲ. ನಮ್ಮ ಕಸ ಒಯ್ಯುವವನ ಬಳಿ ಲೈಸೆನ್ಸ್ ಇದೆಯಾ ಅಂತ ನೋಡುವ ಜವಾಬ್ದಾರಿಯೂ ನಮ್ಮದೇ. ನೋಡದಿದ್ದರೆ 600 ಪೌಂಡ್‌ವರೆಗೆ ದಂಡ. ಆ ಲೈಸೆನ್ಸ್ ಎಷ್ಟು ಬಿಗಿಯಪ್ಪಾ ಅಂದರೆ, ಜಾರ್ಜ್ ಮಾನ್‌ಬಿಯೊ ಎಂಬ ಪತ್ರಕರ್ತರು ತಮ್ಮ ಗೋಲ್ಡ್‌ಫಿಶ್ ಹೆಸರಿನಲ್ಲಿ ಅರ್ಜಿ ಹಾಕಿದರು. ಸಿಕ್ಕಿತು. ಮೀನು ಸತ್ತು ಬಹಳ ಕಾಲ ಆಗಿತ್ತು. ಸತ್ತ ಮೀನಿಗೆ ಕಸ ಸಾಗಿಸಲು ಅಧಿಕಾರ. ಬದುಕಿರುವ ಡಾಕ್ಟರಿಗೆ ಟಾರ್ಪಾಲ್ ಹೊದಿಸಲು ಇಲ್ಲ.

ಶನಿವಾರ ನಾವಿಬ್ಬರೂ ಬೆವರು ಸುರಿಸಿ ಎಲ್ಲ ತುಂಬಿಸಿದೆವು. ಸೋಫಾ ಮಾತ್ರ ಬಿಟ್ಟು. ಹಳೇ ಸೋಫಾದ ಸ್ಪಂಜಿನಲ್ಲಿ ಬೆಂಕಿ ತಡೆಯುವ ರಾಸಾಯನಿಕ ಇರುತ್ತದೆ. ಅದು ವಿಷ ಅಂತ 2023ರಿಂದ ಬೇರೆಯಾಗಿಯೇ ಸುಡಬೇಕು. ಬೆಂಕಿ ಹತ್ತಬಾರದು ಅಂತ ಹಾಕಿದ್ದನ್ನು ತೆಗೆಯಲು ಬೆಂಕಿಯೇ ಬೇಕು, ಅಲ್ವಾ. ಫ್ರಿಜ್ಜು, ಟಿವಿ, ಟೈರು, ಪೇಂಟು, ಬ್ಯಾಟರಿ ಕೂಡ ಹಾಕುವಂತಿಲ್ಲ. ಹಾಸಿಗೆಯೂ ಇಲ್ಲ ಅಂದಿದ್ದರು ಕಂಪನಿಯವರು. ಮಧ್ಯಾಹ್ನ ಟೂರಿಸ್ಟ್ ದಂಪತಿ ಬಂದು, ತೊಟ್ಟಿಗೆ ಒರಗಿ ನಿಂತು ಎದುರು ಮನೆಯ ಫೋಟೋ ತೆಗೆದರು. ಹೋಗುವಾಗ ಖಾಲಿ ಕಾಫಿ ಕಪ್ಪನ್ನು ಅದರೊಳಗೆ ಹಾಕಿ ಥ್ಯಾಂಕ್ಸ್ ಹೇಳಿದರು. ಇಷ್ಟು ಹಳದಿಯ ವಸ್ತುವಿಗೆ ಆ ಊರಲ್ಲಿ ಸಿಕ್ಕ ಒಂದೇ ಮರ್ಯಾದೆ.

ಸೋಮವಾರ ಬೆಳಿಗ್ಗೆ ಸ್ನೇಹಿತ ಫೋನ್ ಮಾಡಿದ. ತೊಟ್ಟಿ ರಾತ್ರೋರಾತ್ರಿ ಬೆಳೆದಿತ್ತು. ಮೇಲೆ ಒಂದು ಡಬ್ಬಿ ಟಿವಿ. ಅರ್ಧ ಒಣಗಿದ ಪೇಂಟ್ ಡಬ್ಬಗಳು ನಾಲ್ಕು. ಎಲ್ಲಕ್ಕಿಂತ ಮೇಲೆ ಹೂವಿನ ಚಿತ್ತಾರದ ಡಬಲ್ ಹಾಸಿಗೆ, ಆರಾಮಾಗಿ ಮಲಗಿತ್ತು. ಅದಕ್ಕೊಂದು ಚೀಟಿ ಸಿಕ್ಕಿಸಿದ್ದರು. ದಪ್ಪ ಕೆನೆಬಣ್ಣದ ಕಾಗದ, ನೀಲಿ ಶಾಯಿ, ಅದೇ ಮುತ್ತಿನಂಥ ಅಕ್ಷರ. ಜಾಗ ಇತ್ತಲ್ಲ ಅಂತ ಹಾಕಿದ್ದೇವೆ, ಖಂಡಿತ ತಪ್ಪು ತಿಳಿಯಬೇಡಿ.

ಲಾರಿಯವನು ಬಂದು ಒಮ್ಮೆ ನೋಡಿದ. ಅಂಚಿನಿಂದ ಮೇಲೆ ಇದ್ದರೆ ಎತ್ತುವುದಿಲ್ಲ. ಹಾಸಿಗೆ, ಟಿವಿ, ಪೇಂಟು ಮುಟ್ಟುವುದೂ ಇಲ್ಲ. ಹತ್ತು ನಿಮಿಷ ಟೈಮ್ ಕೊಟ್ಟ. ಸ್ನೇಹಿತ ಆಸ್ಪತ್ರೆಗೆ ಹೊರಟಿದ್ದವನು, ಟೈ ಭುಜದ ಮೇಲೆ ಹಾಕಿಕೊಂಡು ಒಂದೊಂದೇ ಇಳಿಸಿ ಒಳಗೆ ಎಳೆದ. ಟಿವಿ, ಪೇಂಟಿಗೆ ಆಮೇಲೆ ಟಿಪ್‌ನಲ್ಲಿ ಸ್ಲಾಟ್ ಸಿಕ್ಕಿತು. ಹಾಸಿಗೆ ಅವನ ಕಾರಿನಲ್ಲಿ ಹಿಡಿಯಲಿಲ್ಲ. ಈಗಲೂ ಹಿತ್ತಲಲ್ಲಿ ಗೋಡೆಗೆ ಒರಗಿಕೊಂಡು ಮಳೆಯಲ್ಲಿ ನೆನೆಯುತ್ತಿದೆ. ಬೀದಿಯಿಂದ ಕಾಣುವುದಿಲ್ಲ.